ಮೂಡಗಾಳಿಗೆ ಎರಡು ಮಿಸ್ಡ್ ಕಾಲ್

ಕಬ್ಬಾಳಿನಲ್ಲಿ ಚಿಕ್ಕವ್ವನ ಮನೆಯ ಜಗಲಿ ಹಿಡಿದು ಕೂತಿರುವ ನನ್ನ ಅವ್ವ ಮಾರಮ್ಮನಿಗೆ,

ನಿನ್ನ ಮಗಳು ಮಾದೇವಿ ಬರೆಯುತ್ತಿರುವುದು. ಇದನ್ನು ನಿನಗೆ ಓದಿ ಹೇಳುವವಳು ಚಿಕ್ಕವ್ವನ ಮಗಳು ಶ್ವೇತ ಅಂತ ನನಗೆ ಗೊತ್ತು. ಶ್ವೇತಾ, ನೀನು ಮೊದಲೇ ಮೆತ್ತನೆ ಮನಸ್ಸಿನವಳು. ದೊಡ್ಡವ್ವ ಅತ್ತರೆ ಅಳಲಿ ಕಣೆ, ನೀನು ನಡುವೆ ನಿಲ್ಲಿಸಬೇಡ, ಒಂದು ಮಾತನ್ನೂ ನುಂಗಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅವ್ವಾ, ಫೋನು ಕಂಡರೆ ನೀನು ಹಾವು ಕಂಡವಳ ಹಾಗೆ ಹಿಂದಕ್ಕೆ ಸರಿಯುತ್ತೀಯಂತೆ. ಚಿಕ್ಕವ್ವ ಕಿವಿಗೆ ಹಿಡಿಯಲು ಬಂದರೆ ಸೆರಗು ಕೊಡವಿ ಎದ್ದು ಹೋಗುತ್ತೀಯಂತೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕಾಗದ ಬರೆದು ಎಷ್ಟು ಕಾಲವಾಯಿತೋ, ಅಕ್ಷರ ಸೊಟ್ಟಗಿದ್ದರೆ ಶ್ವೇತ ನಗದಿರಲಿ.

ಮೊದಲು ಸಿಂಚು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದ ಯಾವ ಮಾತೂ ನಿನ್ನ ತಲೆಗೆ ಹೋಗುವುದಿಲ್ಲ. ನಿನ್ನ ಮೊಮ್ಮಗಳು ಚೆನ್ನಾಗಿದ್ದಾಳೆ ಅಂತ ಸುಳ್ಳು ಬರೆಯಲಾರೆ. ಓಡಾಡುತ್ತಾಳೆ, ಮುದ್ದೆ ಉಣ್ಣುತ್ತಾಳೆ, ನನ್ನ ಮೇಲೆ ರೇಗುತ್ತಾಳೆ. ಹೊಟ್ಟೆನೋವು ಬಂದಾಗ ಮಾತ್ರ ಮೂಲೆಯಲ್ಲಿ ಮುದುಡಿಕೊಂಡು ಮಲಗಿಬಿಡುತ್ತಾಳೆ. ಹೋದ ವರ್ಷ ಗಡಗಡ ಅಂತ ಒಪ್ಪಿಸುತ್ತಿದ್ದ ಕಾಗುಣಿತ ಈಗ ಅರ್ಧಕ್ಕೇ ನಿಂತುಹೋಗುತ್ತದೆ; ಗೊತ್ತಿದ್ದದ್ದು ಎಲ್ಲಿ ಹೋಯಿತು ಅಂತ ನನ್ನ ಮುಖ ನೋಡುತ್ತಾಳೆ. ಡಾಕ್ಟರು ಹೇಳಿದ್ದು ಇಷ್ಟೇ. ರಕ್ತದಲ್ಲಿರುವ ಸೀಸ ಇಳಿಯಬೇಕಾದರೆ ಹೊಸದಾಗಿ ಒಳಗೆ ಹೋಗುವುದು ನಿಲ್ಲಬೇಕು. ಔಷಧಿ ಆಮೇಲಿನ ಮಾತು, ಮೊದಲು ಆ ಹೊಗೆ ನಿಲ್ಲಲಿ ಅಂದರು. ಹೊಗೆ ನಿಲ್ಲುವುದು ಈಗ ನಿನ್ನ ಬಾಯಲ್ಲಿದೆ. ಅದಕ್ಕೇ ಈ ಕಾಗದ.

ಅವ್ವಾ, ನಾನು ಇನ್ನೂ ದಂಗು ಬಡಿದವಳ ಹಾಗೇ ಇದ್ದೇನೆ. ಒಲೆ ಮೇಲೆ ಸಾರು ಇಟ್ಟು ಉಪ್ಪಿನ ಡಬ್ಬ ಹಿಡಿದು ನಿಂತುಬಿಡುತ್ತೇನೆ. ಯಾರೋ ಕಳ್ಳರು ಕಾಕರು ಬಂದು ಮಾಡಿದ್ದರೆ ಬೈದು, ಮಣ್ಣು ತೂರಿ ಶಾಪ ಹಾಕಿ ಸುಮ್ಮನಾಗುತ್ತಿದ್ದೆ. ನನ್ನ ಬಾಯಿ ನಿನಗೆ ಗೊತ್ತಲ್ಲ. ಇದು ಹಾಗಲ್ಲ. ಹಾಡಹಗಲಲ್ಲಿ, ಮರ್ಯಾದಸ್ತರು ಕೂತು, ಕಾಫಿ ಕುಡಿಯುತ್ತಾ ಮಾಡಿಕೊಂಡ ಮಾತು ಇದು. ಯಾರೂ ಯಾರ ಮೇಲೂ ದನಿ ಎತ್ತಲಿಲ್ಲ. 

ಗೌಡ್ತಮ್ಮ ಶಿವಲಿಂಗಮ್ಮನವರ ಹಿಪ್ಪುನೇರಳೆ ತೋಟಕ್ಕೆ ನೀನು ಸೊಪ್ಪು ಕೊಯ್ಯಲು ಹೋಗತೊಡಗಿದ್ದು ನಾನು ಹುಟ್ಟುವುದಕ್ಕೂ ಮುಂಚೆ. ನಿನ್ನನ್ನು ಅಡುಗೆಮನೆಯ ಹೊಸಿಲು ತುಳಿಯಲು ಬಿಡದ ಗೌಡ್ತಮ್ಮ ಹುಳುಮನೆಯೊಳಕ್ಕೆ ಮಾತ್ರ ಬಿಡುತ್ತಿದ್ದರು. ರೇಷ್ಮೆಹುಳು ಇರುವ ದಿನಗಳಲ್ಲಿ ನೀನು ಬೇರೆಯೇ ಹೆಂಗಸಾಗುತ್ತಿದ್ದೆ. ಬಾಯಲ್ಲಿದ್ದ ಹೊಗೆಸೊಪ್ಪು ಉಗಿದು, ಹಲ್ಲಿಗೆ ಬೂದಿ ಹಾಕಿ ಉಜ್ಜಿ, ಅಂಗೈ ಮೂಸಿ ನೋಡಿಕೊಂಡು ಒಳಗೆ ಕಾಲಿಡುತ್ತಿದ್ದೆ. ಹುಳುಗಳು ಮೇವು ಬಿಟ್ಟು ಪೊರೆ ಕಳಚಲು ಜ್ವರಕ್ಕೆ ಕೂತರೆ ನಮ್ಮ ಮನೆಯಲ್ಲೂ ಮೀನು ಹುರಿಯುವಂತಿರಲಿಲ್ಲ, ವಾಸನೆ ನಿನ್ನ ಸೀರೆಗೆ ಹತ್ತುತ್ತದೆ ಅಂತ. ಒಮ್ಮೆ ನಾನು ತಲೆಗೆ ಘಮ್ಮನೆ ಎಣ್ಣೆ ಹಚ್ಚಿಕೊಂಡು ಬುತ್ತಿ ತಂದಿದ್ದಕ್ಕೆ ಬೇಲಿಯ ಆಚೆಯೇ ನಿಲ್ಲಿಸಿ ಗದರಿಸಿದ್ದೆ. ಆಮೇಲೆ ಪಾಪ ಅನ್ನಿಸಿ ನೀನೇ ಹತ್ತಿರ ಬಂದು ಹೇಳಿದ್ದೆ:

“ಹುಳ ಸೂಕ್ಸ್ಮ ಕಣ್ ಮಗ. ನಾವು ಮನುಸ್ರು, ನಮ್ಗೇನಾಯ್ತದೆ? ತಡ್ಕತೀವಿ.”

ನಿನ್ನ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ. ಒಂದು ಎಸಳು ಹೊಗೆಸೊಪ್ಪು ತಗುಲಿದರೆ ತಟ್ಟೆಗಟ್ಟಲೆ ಹುಳು ಸಾಯುತ್ತಿದ್ದವು. ನೀನು ಅದನ್ನೇ ದಿನವೆಲ್ಲ ದವಡೆಯಲ್ಲಿ ಇಟ್ಟುಕೊಂಡು ಗಟ್ಟಿಮುಟ್ಟಾಗಿದ್ದೆ. ಒಗ್ಗರಣೆಯ ಘಾಟು, ಊದಿನಕಡ್ಡಿ, ಗಿಡಕ್ಕೆ ಹೊಡೆಯುವ ಮದ್ದಿನ ವಾಸನೆ, ಹುಳಕ್ಕೆ ಆಗದ್ದೆಲ್ಲ ನಮಗೆ ಆಗುತ್ತಿತ್ತು. ಹಾಗಾಗಿ ಹುಳಕ್ಕೆ ವಿಷವಾದದ್ದು ಮನುಷ್ಯರಿಗೆ ಬರೀ ವಾಸನೆ ಅಂತ ನೀನು ನಂಬಿದ್ದೆ. ನೀನೊಬ್ಬಳೇ ಏನು, ಹುಳು ಸಾಕುವ ಊರಿಗೆ ಊರೇ ನಂಬಿತ್ತು.

ಊರಿಗೂ ನಮ್ಮ ಕಾಲೋನಿಗೂ ನಡುವೆ, ಬಂಡೆಯ ಪಕ್ಕ, ಹಳೇ ಬ್ಯಾಟರಿ ಕರಗಿಸುವ ಫ್ಯಾಕ್ಟರಿ ಬಂತಲ್ಲ, ಆ ವರ್ಷವೇ ಗೌಡ್ತಮ್ಮನ ಹುಳುಗಳು ತಲೆ ಎತ್ತಿ ಒದ್ದಾಡಿ, ಹಸಿರು ನೀರು ಕಕ್ಕಿ ಸತ್ತವು. ಹುಳು ಹಾಗೆ ಸತ್ತರೆ ಯಾರಾದರೂ ಮೊದಲು ಕೇಳುವುದು, ಹೊಗೆಸೊಪ್ಪಿನ ಕೈಯಲ್ಲಿ ಮೇವು ಮುಟ್ಟಿದವರು ಯಾರು ಅಂತ. ಎಲ್ಲರ ಬೆರಳೂ ನಿನ್ನ ಕಡೆ ತಿರುಗಿತು. ಕಬ್ಬಾಳಮ್ಮನ ಮೇಲೆ ಆಣೆ ಇಟ್ಟೆ, ನಂಬಲಿಲ್ಲ. ಆಮೇಲೆ ಅಕ್ಕಪಕ್ಕದ ಹುಳುಮನೆಗಳಲ್ಲೂ ಅದೇ ಆದಾಗ ಊರಿನವರು ರಾಮನಗರಕ್ಕೆ ಹೋಗಿ ಹೇಳಿದರು, ರೇಷ್ಮೆ ಆಫೀಸಿನವರು ಜೀಪಿನಲ್ಲಿ ಬಂದರು. ಸೊಪ್ಪು ಕೊಯ್ದು ಕವರಿಗೆ ಹಾಕಿಕೊಂಡು ಹೋಗಿ, ಫ್ಯಾಕ್ಟರಿ ಹೊಗೆ ಸೊಪ್ಪಿನ ಮೇಲೆ ಕೂತಿದೆ ಅಂತ ಹೇಳಿ ಕಳಿಸಿದರು. ನಿನ್ನ ಮೇಲಿನ ಅಪವಾದ ಹೋಯಿತು. ಅವತ್ತು ನೀನು ಮನೆಗೆ ಬಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ, ಸಂತೋಷಕ್ಕೆ. ನಾನೂ ಅತ್ತೆ.

ಆ ಜೀಪು ಬಂದದ್ದು ಹುಳುವಿಗೆ. ಆಗಲೇ ನಮ್ಮ ಕಾಲೋನಿಯಲ್ಲಿ ಮಕ್ಕಳು ವಾಂತಿ ಮಾಡುತ್ತಿದ್ದವು, ದೊಡ್ಡವರು ಬಾಯಲ್ಲಿ ಕಬ್ಬಿಣ ಇಟ್ಟುಕೊಂಡ ಹಾಗಿದೆ ಅನ್ನುತ್ತಿದ್ದರು. ಜೀಪು ನಮ್ಮ ರಸ್ತೆಗೆ ತಿರುಗಲಿಲ್ಲ. ತಿರುಗಿಸಿ ಸ್ವಾಮಿ ಅಂತ ಕೇಳಬಹುದು ಅನ್ನುವುದು ನಮಗೂ ಹೊಳೆಯಲಿಲ್ಲ.

ಆಮೇಲೆ ಗೌಡ್ತಮ್ಮನ ಮಗ ನಟರಾಜು, ಇನ್ನೂ ಒಂದಷ್ಟು ಜನ ರೈತರನ್ನು ಕರೆದುಕೊಂಡು ಫ್ಯಾಕ್ಟರಿಗೆ ಹೋದರಲ್ಲ, ಜಗಳ ಆಗುತ್ತದೆ ಅಂತ ಊರೆಲ್ಲ ಕಾದಿತ್ತು. ಆಗಲಿಲ್ಲ. ಮ್ಯಾನೇಜರು ಒಳ್ಳೆಯವನು ಅಂತ ಹೊಗಳಿಕೊಂಡು ಬಂದರು. ಹುಳು ಇರುವಾಗ ತೋಟದ ಕಡೆ ಗಾಳಿ ಬೀಸಿದರೆ ಕುಲುಮೆಗೆ ಸರಕು ಹಾಕುವುದಿಲ್ಲ, ಗಾಳಿ ತಿರುಗಿದ ಮೇಲೆ ಹಾಕುತ್ತೇವೆ, ಯಾರಾದರೂ ಗಾಳಿ ನೋಡಿ ತಿಳಿಸಿದರೆ ಸಾಕು ಅಂದನಂತೆ. ದಿನವಿಡೀ ತೋಟದಲ್ಲಿ ಇರುವವರು ಯಾರು? ನೀನು. ತೋಟದ ಮೂಲೆಯಲ್ಲಿ ನೀಲಗಿರಿ ಗಳ ನೆಟ್ಟು ತುದಿಗೆ ಹಳೇ ಸೀರೆಯ ಸೀಳು ಕಟ್ಟಿದರು. ನಿನ್ನ ಕೈಗೆ ಒಂದು ಗುಂಡಿ ಫೋನು ಕೊಟ್ಟು, ಎಲ್ಲಿ ಒತ್ತಬೇಕೋ ಅಲ್ಲಿಗೆ ಗೌಡ್ತಮ್ಮನ ಕುಂಕುಮವನ್ನೇ ಚುಕ್ಕಿ ಇಟ್ಟು ತೋರಿಸಿದರು. ಪಡುವಲ ಗಾಳಿ ಬಂದರೆ ಹೊಗೆ ತೋಟಕ್ಕೆ, ಅದಕ್ಕೆ ಒಂದು ಮಿಸ್ಡ್ ಕಾಲ್, ನಿಲ್ಲಿಸಿ ಅಂತ. ಮೂಡಗಾಳಿ ಎದ್ದರೆ ಎರಡು ಮಿಸ್ಡ್ ಕಾಲ್, ಹಾಕಿ ಅಂತ.

ಓದು ಬರಹ ಇಲ್ಲದ ನನ್ನವ್ವನ ಒಂದು ಬೆರಳಿಗೆ ಫ್ಯಾಕ್ಟರಿ ನಿಲ್ಲುತ್ತದೆ, ನಡೆಯುತ್ತದೆ ಅಂತ ನಾನು ಗಾರ್ಮೆಂಟ್ಸಿನ ವ್ಯಾನಿನಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ನೀನೂ ಏನು ಕಡಿಮೆ ಮೆರೆದೆಯಾ? ಉಣ್ಣುವಾಗಲೂ ಸೊಂಟದ ಚೀಲ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹುಳು ಸಾಯುವುದು ನಿಂತಿತು. ಗೂಡು ಒಳ್ಳೆಯದಾಯಿತು. ಗೌಡ್ತಮ್ಮ ಯುಗಾದಿಗೆ ನಿನಗೆ ಸೀರೆ ಕೊಟ್ಟು, ನಮ್ ಹುಳ ಉಳ್ಸಿದ್ದು ಮಾರಿ ಅಂತ ಬಂದವರ ಮುಂದೆಲ್ಲ ಹೇಳಿದರು. ಮೂಡಗಾಳಿ ಆ ತೋಟದಿಂದ ಎದ್ದು ಫ್ಯಾಕ್ಟರಿ ದಾಟಿ ಎಲ್ಲಿಗೆ ಹೋಗುತ್ತದೆ ಅಂತ ನಾವು ಯಾರೂ ತಲೆ ತಿರುಗಿಸಿ ನೋಡಲಿಲ್ಲ. ಅಲ್ಲಿರುವುದು ಕಾಲೋನಿಯ ಸ್ಕೂಲು. ಅದರ ಪಕ್ಕದಲ್ಲೇ ನಮ್ಮ ಮನೆ.

ಸಿಂಚುಗೆ ಹೊಟ್ಟೆನೋವು ಶುರುವಾದಾಗ ಜಂತು ಅಂದೆವು. ಬಿಳಿಚಿಕೊಂಡಾಗ ದೃಷ್ಟಿ ಅಂದೆವು, ನೀನೇ ತಾಯತ ಕಟ್ಟಿಸಿದೆ. ಸ್ಕೂಲಿನಲ್ಲಿ ಕೂತಲ್ಲೇ ತೂಕಡಿಸುತ್ತಾಳೆ ಅಂತ ಮೇಡಮ್ಮು ಹೇಳಿ ಕಳಿಸಿದ ಮೇಲೆ ನಾನು ರಜೆ ಹಾಕಿ ರಾಮನಗರಕ್ಕೆ ಕರೆದುಕೊಂಡು ಹೋದೆ. ಮಕ್ಕಳ ಡಾಕ್ಟರು ಒಸಡು ನೋಡಿ, ಕೈ ಮಡಿಸಿ ನೋಡಿ, ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ರಿಪೋರ್ಟು ಬಂದ ದಿನ ಅವರು ನನ್ನನ್ನು ಕೂರಿಸಿಕೊಂಡು, ಮನೆಯಲ್ಲಿ ಯಾರಾದರೂ ಬ್ಯಾಟರಿ ರಿಪೇರಿ ಮಾಡುತ್ತೀರಾ, ಹಳೇ ಬ್ಯಾಟರಿ ಒಡೆಯುತ್ತೀರಾ ಅಂತ ಕೇಳಿದರು. ಇಲ್ಲ ಸಾರ್, ಆದರೆ ಪಕ್ಕದಲ್ಲೇ ಕರಗಿಸುತ್ತಾರೆ ಅಂದೆ. ಹೊಗೆ ಮನೆ ಕಡೆ ಬರುತ್ತದಾ ಅಂದರು. ನಾನು ಹಗಲೆಲ್ಲ ಮನೆಯಲ್ಲಿ ಇರುವವಳಲ್ಲವಲ್ಲ, ಅವ್ವನನ್ನು ಕೇಳುತ್ತೇನೆ ಅಂತ ಹೇಳಿ ಬಂದೆ.

ಆ ಸಂಜೆ ನೆನಪಿದೆಯಾ ಅಂತ ಕೇಳುವುದೇ ಬೇಡ. ನೀನು ಅಕ್ಕಿ ಆರಿಸುತ್ತಿದ್ದೆ. ಸಿಂಚು ನಿನ್ನ ತೊಡೆಗೆ ಒರಗಿ ಕೂತಿದ್ದಳು. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ, ಆ ಹೊಗೆ ಈ ಕಡೆ ಬರುತ್ತದೇನವ್ವ ಅಂತ ಕೇಳಿದೆ. ನೀನು ತಲೆ ಕೂಡ ಎತ್ತಲಿಲ್ಲ. ನನ್ನ ಭಯ ಓಡಿಸುವವಳ ಹಾಗೆ, ಸಮಾಧಾನ ಮಾಡುವವಳ ಹಾಗೆ ಹೇಳಿದೆ:

“ಅಯ್ಯೋ, ಆ ಹೊಗೇನಾ? ಅದ್ಕ್ಯಾಕವ್ವ ಹೆದ್ರೀಯೆ? ನಾನು ಎಲ್ಡು ಸಲ ಒತ್ತುದ್ ಮ್ಯಾಕೇ ಅದು ಇತ್ಲಾಗ್ ಬರೋದು. ಹುಳದ್ ಕಡೀಕ್ ಹೋಗ್ದಂಗೆ ನಾನೇ ನೋಡ್ಕತೀನಲ್ಲ.”

ಕೈಯಲ್ಲಿದ್ದ ರಿಪೋರ್ಟನ್ನು ನಿನ್ನ ಮೊರದ ಮೇಲೆ ಇಟ್ಟೆ ಅವ್ವಾ. ಆಗ ನೀನು ತಲೆ ಎತ್ತಿದೆ. ನನ್ನ ಮುಖ ನೋಡಿದೆ, ಮಗುವಿನ ಮುಖ ನೋಡಿದೆ, ಮತ್ತೆ ನನ್ನ ಮುಖ. ನಿನಗೆ ಅರ್ಥವಾದ ಗಳಿಗೆ ನಾನು ಕಣ್ಣಾರೆ ಕಂಡೆ. ಮೊರ ಬದಿಗಿಟ್ಟು, ಮಗುವನ್ನು ಮುಟ್ಟದ ಹಾಗೆ ಜಾಗ್ರತೆಯಿಂದ ಎದ್ದು ಹೊರಗೆ ಹೋದೆ. ಬೆಳಿಗ್ಗೆ ಗೌಡ್ತಮ್ಮನ ಹುಳುಮನೆ ಬಾಗಿಲಲ್ಲಿ ಫೋನು ಇಟ್ಟು, ಯಾರಿಗೂ ಹೇಳದೆ ಬಸ್ಸು ಹತ್ತಿದೆ ಅಂತ ಆಮೇಲೆ ಗೊತ್ತಾಯಿತು.

ನೀನು ಹೋದ ದಿನವೇ ನಾನು ಊರಿಗೆ ಹೋದೆ. ಜಗಳಕ್ಕೆ ಅಂತಲೇ ಹೋದೆ, ಸುಳ್ಳು ಯಾಕೆ ಹೇಳಲಿ. ನಟರಾಜು ಅವರ ಮನೆ ಮುಂದೆಯೇ ಸಿಕ್ಕಿದರು. ಮಗುವಿನ ರಕ್ತದ ವಿಷಯ ಹೇಳಿದೆ, ನಿಜವಾಗಲೂ ಮುಖ ಬಾಡಿತು, ಅಯ್ಯೋ ಪಾಪ ಅಂದರು. ಹೊಗೆ ಕಾಲೋನಿ ಕಡೆ ಹೋಗುತ್ತದೆ ಅಂತ ನಿಮಗೆ ಗೊತ್ತಿರಲಿಲ್ಲವಾ ಅಣ್ಣ ಅಂತ ಕೇಳಿದೆ. ನನಗೆ ಬೇಕಿದ್ದದ್ದು ಒಂದು ಸುಳ್ಳು ಅವ್ವಾ. ಗೊತ್ತಿರಲಿಲ್ಲ ಕಣಮ್ಮ ಅಂದಿದ್ದರೆ ನಂಬಿಕೊಂಡು ಬರುತ್ತಿದ್ದೆ. ಅವರು ಮುಚ್ಚುಮರೆ ಇಲ್ಲದ ಮನುಷ್ಯ. ಯೋಚನೆ ಮಾಡಿಯೇ ಹೇಳಿದರು:

“ಗೊತ್ತಿತ್ತು ಕಣಮ್ಮ. ಗಾಳಿ ಅಂದ್ಮೇಲೆ ಯಾವ್ದಾರ ಒಂದು ಕಡೀಕೆ ಹೋಗ್ಲೇಬೇಕಲ್ಲ. ಅತ್ಲಾಗೆ ಬೆಳೆ ಏನೂ ಇರ್ಲಿಲ್ಲವಲ್ಲ.”

ಬೆಳೆ ಏನೂ ಇರಲಿಲ್ಲ. ನಾನು ಆ ಮಾತನ್ನು ಹೊತ್ತುಕೊಂಡು ಮನೆತನಕ ಹೇಗೆ ನಡೆದೆನೋ ಕಾಣೆ. ಅವರು ನಮ್ಮ ಮೇಲೆ ಹಗೆ ಇಟ್ಟುಕೊಂಡವರಲ್ಲ. ನಮ್ಮ ಅಪ್ಪ ಸತ್ತಾಗ ಸೌದೆ ಕಳಿಸಿದವರು. ಹಗೆ ಇದ್ದಿದ್ದರೆ ನಮ್ಮನ್ನು ನೆನಪಾದರೂ ಇಟ್ಟುಕೊಂಡಿರುತ್ತಿದ್ದರು. ಆ ಕಡೆ ನೋಡಿದಾಗ ಅವರ ಕಣ್ಣಿಗೆ ಖಾಲಿ ಜಾಗ ಕಂಡಿದೆ. ಎಂಬತ್ತು ಮನೆ, ಒಂದು ಸ್ಕೂಲು, ನಿನ್ನ ಮೊಮ್ಮಗಳು, ಎಲ್ಲ ಸೇರಿ ಖಾಲಿ ಜಾಗ. ಗೌಡ್ತಮ್ಮ ಜಗಲಿ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು, ನನ್ನ ಮುಖ ನೋಡಲಿಲ್ಲ. ಮಗು ಹಾಲು ಕುಡಿಯುತ್ತದಾ ಅಂತ ಮಾತ್ರ ಕೇಳಿದರು. ಮಾರನೇ ದಿನದಿಂದ ಹಾಲು ಬರುತ್ತಿದೆ. ಚೆಲ್ಲಿಬಿಡೋಣ ಅನ್ನಿಸಿತು. ಡಾಕ್ಟರು ಹಾಲು ಕೊಡಿ ಅಂದಿದ್ದರು, ಕುಡಿಸಿದೆ.

ಈಗ ಕೇಳು, ನೀನು ಬೆಚ್ಚಿಬೀಳುವ ಮಾತು. ನೀನು ಹೋಗಿ ಒಂದು ವಾರಕ್ಕೆ ಗೌಡ್ತಮ್ಮನ ಮನೆಯಿಂದ ನನಗೇ ಹೇಳಿಕಳಿಸಿದರು. ಹುಳು ಮೂರನೇ ಜ್ವರ ಎದ್ದಿದೆ, ಗಾಳಿ ನೋಡಲು ಯಾರೂ ಇಲ್ಲ, ನಿಮ್ಮವ್ವ ಬರುವ ತನಕ ನೀನು ಬರುತ್ತೀಯಾ ಅಂತ. ನನ್ನನ್ನು, ಅವ್ವಾ. ಆ ಮಗುವಿನ ತಾಯಿಯನ್ನು. ಹೇಳಲು ಬಂದವನು ಬಾಗಿಲಲ್ಲಿ ನಿಂತು ಸಿಂಚು ಜೊತೆ ನಗುನಗುತ್ತಾ ಮಾತಾಡುತ್ತಿದ್ದ. ಬಡಿಗೆ ತೆಗೆದುಕೊಳ್ಳುವವಳಿದ್ದೆ. ಅಷ್ಟರಲ್ಲಿ ನನಗೆ ಏನು ಹೊಳೆಯಿತೋ, ಬರುತ್ತೇನೆ ಹೋಗು ಅಂದುಬಿಟ್ಟೆ.

ಹೋದೆ. ಫೋನು ಕೊಟ್ಟರು, ಕುಂಕುಮದ ಚುಕ್ಕಿ ಹಾಗೇ ಇತ್ತು. ಗಳದ ಕೆಳಗೆ ನಿಂತೆ. ಪಡುವಲ ಗಾಳಿ ಬೀಸಿತು, ಒಂದು ಸಲ ಒತ್ತಿದೆ, ನಿಲ್ಲಿಸಿದರು. ಮಧ್ಯಾಹ್ನ ಬಟ್ಟೆ ತಿರುಗಿತು. ಮೂಡಗಾಳಿ. ಮತ್ತೆ ಒಂದೇ ಸಲ ಒತ್ತಿದೆ. ಯಾವ ಗಾಳಿ ಬಂದರೂ ಒಂದೇ. ಗಾಳಿಯೇ ಇಲ್ಲದಾಗಲೂ ಒಂದೇ. ಚಿಮಣಿ ಖಾಲಿ ನಿಂತಿತ್ತು, ನೋಡಿ ನನಗೆ ಹುಚ್ಚು ನಗು ಬಂತು, ನಗುತ್ತಾ ಅಳು. ಮೂರನೇ ದಿನ ಫ್ಯಾಕ್ಟರಿಯವನು ನಟರಾಜುಗೆ ಫೋನ್ ಮಾಡಿ, ನಿಮ್ಮ ಕಡೆ ಗಾಳಿ ಕೆಟ್ಟಿದೆಯೇನ್ರಿ ಅಂತ ಕೇಳಿದನಂತೆ. ಫೋನು ಕಿತ್ತುಕೊಂಡರು. ಮಾದೇವಿ ಹಿಂಗ್ ಮಾಡ್ಬೌದಾ ಅಂತ ನಟರಾಜು ಬೇಜಾರು ಮಾಡಿಕೊಂಡರು. ಬೇಜಾರು, ನೋಡು.

ಆಮೇಲೆ ಕಾಲೋನಿಯಲ್ಲಿ ಮನೆಮನೆಗೂ ಕೇಳಿಕೊಂಡು ಬಂದರು. ಒಬ್ಬ ಹೆಂಗಸೂ ಫೋನು ಮುಟ್ಟಲಿಲ್ಲ. ನಾನು ಹೇಳಿಕೊಟ್ಟದ್ದಲ್ಲ ಕಣವ್ವ. ಸ್ಕೂಲಿನ ಮಕ್ಕಳಿಗೆಲ್ಲ ರಕ್ತ ತೆಗೆಸಿದ್ದೆವು. ಸಿಂಚು ಒಬ್ಬಳೇ ಅಲ್ಲ ಅಂತ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಈಗ ಗಳದ ಕೆಳಗೆ ನಿಲ್ಲುವವರು ನಟರಾಜು ಅವರೇ. ಎರಡು ಸಲ ಒತ್ತುವಾಗ ನಮ್ಮ ಕಡೆ ಬೆನ್ನು ಮಾಡಿ ನಿಲ್ಲುತ್ತಾರೆ. ರಜೆ ಹಾಕಿ ಸಿಂಚು ಜೊತೆ ಮನೆಯಲ್ಲೇ ಇದ್ದೇನಲ್ಲ, ನಾನು ದಿನಾ ನೋಡುತ್ತೇನೆ.

ನಾವು ಕೊಟ್ಟ ಅರ್ಜಿಗೆ ಮಾಲಿನ್ಯದ ಆಫೀಸಿನವರು ಸೋಮವಾರ ಬರುತ್ತಿದ್ದಾರೆ. ಫ್ಯಾಕ್ಟರಿ ಗೇಟಿನ ಮುಂದೆಯೇ ಎಲ್ಲರನ್ನೂ ಕೇಳುತ್ತಾರಂತೆ. ಮ್ಯಾನೇಜರು ಈಗಲೇ ಹೇಳುತ್ತಿದ್ದಾನೆ, ಯಾರ ಮಾತಿಗೂ ನಾವು ಕುಲುಮೆ ನಿಲ್ಲಿಸಿದ್ದಿಲ್ಲ, ಹಾಕಿದ್ದಿಲ್ಲ, ಗಾಳಿ ದೇವರು ಕೊಟ್ಟದ್ದು ಅಂತ. ಹುಳುವಿನ ಮನೆಯವರು ನೋಡಿಲ್ಲ, ಕೇಳಿಲ್ಲ ಅನ್ನುತ್ತಾರೆ. ನಾನು ಹೇಳಿದರೆ, ಮೂರು ದಿನ ಬಂದು ಮೋಸ ಮಾಡಿ ಹೋದವಳು ಅಂತ ಬಾಯಿ ಮುಚ್ಚಿಸುತ್ತಾರೆ. ಎರಡು ವರ್ಷ ಆ ಗಳದ ಕೆಳಗೆ ನಿಂತವಳು ನೀನೊಬ್ಬಳೇ. ಹೊಗೆ ತಾನಾಗಿ ನಮ್ಮ ಮೇಲೆ ಬೀಳಲಿಲ್ಲ, ನೋಡಿ ನೋಡಿ, ಆರಿಸಿ ಆರಿಸಿ ಬೀಳಿಸಿದರು ಅನ್ನುವುದಕ್ಕೆ ನಿನ್ನ ಬಾಯಿ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ನಿನಗೆ ಏನಾಗುತ್ತಿದೆ ಅಂತ ನನಗೆ ತಿಳಿಯದೇ? ಮಗುವಿನ ಕಡೆ ಹೊಗೆ ಬಿಟ್ಟವಳು ನಾನೇ ಅಂತ ನಾಲ್ಕು ಜನರ ಮುಂದೆ ಹೇಳಬೇಕಲ್ಲ ಅಂತ ಕೊರಗುತ್ತಿದ್ದೀಯ. ಉಣ್ಣುವುದಿಲ್ಲವಂತೆ, ಗುಡಿ ಮೆಟ್ಟಿಲ ಮೇಲೆ ಹಣೆ ಹಚ್ಚಿ ಕೂರುತ್ತೀಯಂತೆ. ನಿನ್ನದೇನೂ ತಪ್ಪಿಲ್ಲ ಅಂತ ನಾನು ಸಕ್ಕರೆ ಸವರಿ ಹೇಳಲಾರೆ, ಹೇಳಿದರೂ ನೀನು ನಂಬುವುದಿಲ್ಲ. ನನಗೆ ನಿನ್ನ ಮೇಲೆ ಸಿಟ್ಟಿದೆ. ಇವತ್ತಿಗೂ ಇದೆ, ನಾಳೆಯೂ ಇರಬಹುದು. ಆದರೆ ಅವ್ವಾ, ಅವರಿಗೆ ಗೊತ್ತಿತ್ತು, ನಿನಗೆ ಗೊತ್ತಿರಲಿಲ್ಲ. ನೀನು ಕಬ್ಬಾಳಿನಲ್ಲಿ ತಪ್ಪು ಹೊತ್ತು ಕೂ‌ತರೆ ಅವರೆಲ್ಲರ ಹೊರೆ ಇಳಿಯುತ್ತದೆ. ನಿನ್ನ ಕಣ್ಣೀರಿಗೆ ಕುಲುಮೆ ಆರುವುದಿಲ್ಲ. ಸಿಂಚು ದಿನವೂ ಉಸಿರಾಡುತ್ತಾಳೆ.

ಭಾನುವಾರ ಶ್ವೇತ ನಿನ್ನನ್ನು ಸಾತನೂರಿನ ಮೇಲೆ ಚನ್ನಪಟ್ಟಣಕ್ಕೆ ಕರೆದುಕೊಂಡು ಬರಲಿ, ಬಸ್ ಸ್ಟ್ಯಾಂಡಿನಲ್ಲಿ ನಾನು ಇರುತ್ತೇನೆ. ಮನೆಯಲ್ಲಿ ನಾನು ಮುಖ ಊದಿಸಿಕೊಂಡಿದ್ದರೂ ನೀನು ತಲೆಗೆ ಹಚ್ಚಿಕೊಳ್ಳಬೇಡ, ಮುದ್ದೆ ಮಾತ್ರ ಬಿಸಿಯಾಗಿ ಹಾಕುತ್ತೇನೆ. ಸೋಮವಾರ ಗೇಟಿನ ಮುಂದೆ ನಿನ್ನ ಪಕ್ಕದಲ್ಲೇ ನಿಲ್ಲುತ್ತೇನೆ. ಅವತ್ತು ಹೇಗೂ ಕುಲುಮೆ ಆರಿಸಿರುತ್ತಾರೆ, ಆಫೀಸರು ಬರುವ ದಿನವಲ್ಲವಾ. ಅವರು ನಿನ್ನನ್ನು ಕೇಳಬೇಕಾದದ್ದು ಒಂದೇ ಮಾತು: ಎರಡು ಸಲ ಒತ್ತಿದಾಗ ಹೊಗೆ ಎಲ್ಲಿಗೆ ಹೋಗುತ್ತಿತ್ತು ತಾಯಿ, ಅಂತ. ಹೇಳಲು ಆಗದಿದ್ದರೆ ಮಾತು ಬೇಡ. ಆ ಗೇಟಿನಿಂದ ನಮ್ಮ ಬಾಗಿಲು ನೇರಕ್ಕೆ ಕಾಣುತ್ತದೆ. ಸಿಂಚುಳನ್ನು ಹೊಸಿಲ ಮೇಲೆ ಕೂರಿಸಿರುತ್ತೇನೆ. ಕೈ ಎತ್ತಿ ಅವಳನ್ನು ತೋರಿಸು.

ಬಸ್ಸಿನ ತನಕ ನಡೆಯುವ ಶಕ್ತಿಯನ್ನು ಕಬ್ಬಾಳಮ್ಮ ನಿನ್ನ ಕಾಲಿಗೆ ಕೊಡಲಿ.

ದಾರಿ ನೋಡುತ್ತಿರುವ ನಿನ್ನ ಮಗಳು,
ಮಾದೇವಿ